ಹಿಮ ನೂಕುವ ಹಲಗೆಗೆ ಮಲೆನಾಡಿನ ಕೆಸರು ಬಗ್ಗುತ್ತದೆಯೇ?

ಪ್ರಶ್ನೆ: ಹೊಸನಗರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ನಮ್ಮದು ಐದು ಎಕರೆ ಅಡಿಕೆ ತೋಟ, ಜೊತೆಗೆ ಪುಟ್ಟ ಹೋಂಸ್ಟೇ. ಡಾಂಬರು ರಸ್ತೆಯಿಂದ ಮನೆಗೆ ಸುಮಾರು 300 ಮೀಟರ್ ಮಣ್ಣಿನ ದಾರಿ. ಒಂದು ಬದಿಗೆ ಧರೆ, ಇನ್ನೊಂದು ಬದಿಗೆ ಇಳಿಜಾರು. ಆರಿದ್ರಾ ಮಳೆ ಹಿಡಿದ ಮೇಲೆ ಧರೆಯ ಮಣ್ಣು ದಾರಿಗೆ ಜಾರುತ್ತಲೇ ಇರುತ್ತದೆ. ಗುದ್ದಲಿ ಹಿಡಿಯುವವರು ಸಿಗುವುದಿಲ್ಲ, ಜೆಸಿಬಿಯವರು ಕರೆದ ದಿನ ಬರುವುದಿಲ್ಲ. ಅತಿಥಿಗಳಿಗೆಂದು ಕೊಂಡ ಹಳೆಯ 500 ಸಿಸಿ ಎಟಿವಿ (ಹ್ಯಾಂಡಲ್ ಹಿಡಿದು ಓಡಿಸುವ, ದಪ್ಪ ಟೈರಿನ ನಾಲ್ಕು ಚಕ್ರದ ಗಾಡಿ) ಮನೆಯಲ್ಲಿದೆ. ಅಮೆರಿಕದ ಮಿನೆಸೋಟಾದಲ್ಲಿರುವ ನನ್ನ ಭಾವಮೈದುನ ಇಂಥದೇ ಗಾಡಿಯ ಮುಂದೆ ಹಲಗೆ ಕಟ್ಟಿಕೊಂಡು ಮನೆಯ ಮುಂದಿನ ಹಿಮ ನೂಕುತ್ತಾನೆ. ನಾವೂ ಹಾಗೆ ಕಟ್ಟಿಸಬಹುದೇ? ಅವನಿಗೂ ಒಂದು ತೊಡಕಿದೆ: ಭಾರಿ ಹಿಮ ಬಿದ್ದ ದಿನ ಗಾಡಿ ಅರ್ಧ ದಾರಿಯಲ್ಲೇ ಹೂತುಕೊಳ್ಳುತ್ತದೆಯಂತೆ.

ಉತ್ತರ: ನಿಮ್ಮ ಭಾವಮೈದುನರಿಂದಲೇ ಶುರು ಮಾಡುತ್ತೇನೆ. ಅವರ ಗಾಡಿ ಏಕೆ ಹೂತುಕೊಳ್ಳುತ್ತದೆ ಎಂಬುದು ತಿಳಿದರೆ ನಿಮ್ಮ ಪ್ರಶ್ನೆಗೂ ಅರ್ಧ ಉತ್ತರ ಸಿಕ್ಕಂತೆ.

ಶಿವಮೊಗ್ಗದಲ್ಲಿ ಕೃಷಿ ಯಂತ್ರಗಳ ರಿಪೇರಿಯಲ್ಲೇ ಕೈ ಕಪ್ಪಾದವನು ನಾನು. ಹಿಮದ ವಿಷಯ ಮಾತನಾಡುವ ಧೈರ್ಯ ಬಂದದ್ದು ಕೆನಡಾದ ಒಂಟಾರಿಯೊದಲ್ಲಿ ಮಗಳ ಮನೆಯಲ್ಲಿ ಕಳೆದ ಎರಡು ಚಳಿಗಾಲಗಳಿಂದ. ಅಳಿಯನ ಬಳಿ ಎಟಿವಿ ಇತ್ತು, ಅದಕ್ಕೆ ಐದು ಅಡಿ ಅಗಲದ ಉಕ್ಕಿನ ಹಲಗೆ. ಮೊದಲ ವಾರ ಕಿಟಕಿಯಿಂದ ನೋಡಿದೆ, ಎರಡನೆಯ ವಾರ ಸುಮ್ಮನೆ ಕೂರಲಾಗದೆ ಟೋಪಿ, ಕೈಗವಸು ಏರಿಸಿಕೊಂಡು ನಾನೇ ಹತ್ತಿದೆ. ಒಂದು ರಾತ್ರಿ ಒಂದೂವರೆ ಅಡಿ ಬಿತ್ತು. ಬೆಳಿಗ್ಗೆ ಹಲಗೆಯನ್ನು ನೆಲಕ್ಕೆ ಇಳಿಸಿ ಜೋರಾಗಿ ನುಗ್ಗಿಸಿದೆ. ಎಂಟು ಅಡಿ ಹೋಗುವಷ್ಟರಲ್ಲಿ ಮುಂದಿನ ರಾಶಿ ಹ್ಯಾಂಡಲ್ಲಿನ ಎತ್ತರಕ್ಕೆ ಬಂತು, ಗಾಡಿ ಅದರ ಮೇಲೆ ಹತ್ತಿ ಹೊಟ್ಟೆಯ ಮೇಲೆ ಕೂತುಬಿಟ್ಟಿತು. ನಾಲ್ಕು ಚಕ್ರಗಳೂ ಗಾಳಿಯಲ್ಲಿ ತಿರುಗಿದಂತೆ ತಿರುಗುತ್ತಿದ್ದವು. ರಬ್ಬರು ಸುಟ್ಟ ವಾಸನೆ ಬೇರೆ. ಇಂಜಿನ್ನಿನ ಬಲವನ್ನು ಚಕ್ರಗಳ ಕಡೆಗೆ ದಾಟಿಸುವ ಬೆಲ್ಟ್ ಬದಲಿಸಿದ ಖರ್ಚನ್ನು ಅಳಿಯ ನನಗೆ ಈವರೆಗೂ ಹೇಳಿಲ್ಲ.

ತಪ್ಪು ಗಾಡಿಯದಾಗಿರಲಿಲ್ಲ. ಆಗಷ್ಟೇ ಬಿದ್ದ ಒಣ ಹಿಮ ಘನಮೀಟರಿಗೆ 50ರಿಂದ 100 ಕಿಲೊ ತೂಗುತ್ತದೆ. ಹತ್ತಿ ಇದ್ದ ಹಾಗೆ. ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಬೀಳುವ ತೇವದ ಹಿಮ 200 ಕಿಲೊ ದಾಟುತ್ತದೆ, ಬಿದ್ದಲ್ಲೇ ಕುಗ್ಗಿ ಕೂತರೆ 300, 400 ಕಿಲೊಗೂ ಹೋಗುತ್ತದೆ. ಮೂರು ಮೀಟರ್ ಅಗಲದ ದಾರಿಯಲ್ಲಿ ಹತ್ತೇ ಮೀಟರ್ ಉದ್ದಕ್ಕೆ ಒಂದೂವರೆ ಅಡಿ ತೇವದ ಹಿಮವೆಂದರೆ ಎರಡೂವರೆ ಟನ್ನಿನ ಮೇಲಾಯಿತು. ಗಾಡಿಯ ಸ್ವಂತ ತೂಕ 350 ಕಿಲೊದ ಸುತ್ತಮುತ್ತ. ಈ ಲೆಕ್ಕ ಮುಂದಿಟ್ಟುಕೊಂಡರೆ ಅಲ್ಲಿಯ ಹಳಬರು ಮಾಡುವುದೆಲ್ಲ ಅರ್ಥವಾಗುತ್ತದೆ. ಅವರು ಹಿಮ ನಿಲ್ಲುವವರೆಗೆ ಕಾಯುವುದಿಲ್ಲ. ಮೂರು ನಾಲ್ಕು ಇಂಚು ಬಿದ್ದ ಕೂಡಲೇ ಒಂದು ಸುತ್ತು, ಮತ್ತೆ ಅಷ್ಟು ಬಿದ್ದರೆ ಮತ್ತೊಂದು ಸುತ್ತು. ರಾತ್ರಿ ಮಲಗಿ ಎದ್ದಾಗ ದಪ್ಪಗೆ ಬಿದ್ದಿದ್ದರೆ ಹಲಗೆಯನ್ನು ಅರ್ಧಕ್ಕೆ ಎತ್ತಿ ಮೇಲಿನ ಪದರವನ್ನು ಮೊದಲು ತೆಗೆಯುತ್ತಾರೆ, ಆಮೇಲೆ ಕೆಳಗಿನದು. ಹಲಗೆಯ ಪೂರ್ತಿ ಅಗಲ ತುಂಬಿಸುವುದಿಲ್ಲ. ಅರ್ಧ ಅಗಲದಷ್ಟೇ ಕಚ್ಚಿಸಿ, ಹಲಗೆಯನ್ನು ಓರೆ ಮಾಡಿ ಬದಿಗೆ ಚೆಲ್ಲುತ್ತಾರೆ. ರಾಶಿ ಹಾಕುವ ಜಾಗ ಬಂದಾಗ ಗಾಡಿ ಇನ್ನೂ ಮುಂದೆ ಸಾಗುತ್ತಿರುವಂತೆಯೇ ಹಲಗೆ ಎತ್ತುತ್ತಾರೆ. ಆಗ ರಾಶಿ ಮೇಲಕ್ಕೆ ಏರುತ್ತದೆ, ಗಾಡಿ ಅದರ ಮೇಲೆ ಏರುವುದಿಲ್ಲ.

ನಿಮ್ಮ ಭಾವಮೈದುನರಿಗೆ ಇನ್ನೆರಡು ಮಾತು. ಸದಾ ಲೋ ಗೇರಿನಲ್ಲಿ ಓಡಿಸಲಿ. ಹೈ ಗೇರಿನಲ್ಲಿ ನಿಧಾನವಾಗಿ ಭಾರ ನೂಕಿದರೆ ಬೆಲ್ಟ್ ಜಾರಿ ಜಾರಿಯೇ ಸುಡುತ್ತದೆ. ಹಿಂದಿನ ಚಕ್ರಗಳಿಗೆ ಸರಪಳಿ ಹಾಕಿ, ಹಿಂಬದಿಯ ಕ್ಯಾರಿಯರ್ ಮೇಲೆ ಕಂಪನಿ ಹೇಳಿದ ಮಿತಿಯೊಳಗೆ ಮರಳಿನ ಚೀಲ ಬಿಗಿಯಲಿ. ಮೊದಲ ಹಿಮ ಬಿದ್ದಾಗಲೇ ರಾಶಿಯನ್ನು ದಾರಿಯ ಅಂಚಿನಿಂದ ಆದಷ್ಟು ದೂರ ತಳ್ಳಿಬಿಡಲಿ. ಅಂಚಿನಲ್ಲೇ ಬಿಟ್ಟ ರಾಶಿ ರಾತ್ರಿ ಹೆಪ್ಪುಗಟ್ಟಿ ಕಲ್ಲಾಗುತ್ತದೆ, ಮರುಸಲ ಅದರ ಒಳಗಡೆ ಇನ್ನೊಂದು ರಾಶಿ, ಜನವರಿಯ ಹೊತ್ತಿಗೆ ಕಾರು ಹೋಗುವ ದಾರಿ ಬೈಕು ಹೋಗುವಷ್ಟಾಗಿರುತ್ತದೆ. ಎರಡು ಎಂದು ಹೇಳಿ ಮೂರು ಹೇಳಿದೆ, ಇರಲಿ.

ಈಗ ನಿಮ್ಮ ದಾರಿಗೆ ಬರೋಣ.

ಐದು ಅಡಿ ಅಗಲದ ಹಲಗೆಯ ಮುಂದೆ ಒಂದೂವರೆ ಅಡಿ ಎತ್ತರದ ರಾಶಿ ಕೂಡಿತೆಂದು ಇಟ್ಟುಕೊಳ್ಳಿ. ಮೇಲಿನಿಂದ ಇಳಿಜಾರಾಗಿ ಕೂರುವುದರಿಂದ ಅದು ಸುಮಾರು 0.15 ಘನಮೀಟರ್. ಅದು ಹೊಸ ಹಿಮವಾದರೆ 15 ಕಿಲೊ, ತೇವದ ಹಿಮವಾದರೆ 30ರಿಂದ 45 ಕಿಲೊ. ಮಳೆ ಕುಡಿದ ನಮ್ಮ ಕೆಂಪು ಮಣ್ಣು ಘನಮೀಟರಿಗೆ 1,800 ಕಿಲೊ ತೂಗುತ್ತದೆ ಎಂದುಕೊಂಡರೂ ಅದೇ ರಾಶಿ 270 ಕಿಲೊ. ನಿಮ್ಮ ಗಾಡಿ, ನೀವು, ಹಿಂದಿನ ಮರಳಿನ ಚೀಲ ಎಲ್ಲ ಸೇರಿ 500 ಕಿಲೊ ಇರಬಹುದು. ಒದ್ದೆ ಕೆಸರಿನಲ್ಲಿ ಟೈರು ತನ್ನ ಮೇಲಿನ ತೂಕದ ಮೂರನೆಯ ಒಂದು ಭಾಗದಷ್ಟು ಹಿಡಿತ ಕೊಟ್ಟರೆ ಪುಣ್ಯ. ಅಂದರೆ 150 ಕಿಲೊ ಆಸುಪಾಸಿನ ನೂಕುಬಲ. ಮಣ್ಣಿನ ರಾಶಿಯನ್ನು ಮಣ್ಣಿನ ಮೇಲೆ ಜಾರಿಸಲಿಕ್ಕೇ ಅಷ್ಟು ಬೇಕು, ಹಲಗೆಯ ಅಂಚು ನೆಲ ಕೆತ್ತುವ ಬಲ ಬೇರೆ. ದಾರಿ ಏರಾಗಿದ್ದರೆ ಲೆಕ್ಕ ಅಲ್ಲಿಗೇ ಮುಗಿಯಿತು. ಇಂಜಿನ್ನಿನಲ್ಲಿ ಎಷ್ಟೇ ಕುದುರೆಗಳಿದ್ದರೂ ಚಕ್ರ ಹಿಡಿಯದ ಕಡೆ ಅವು ಸುಮ್ಮನೆ ಕೆನೆಯುತ್ತವೆ.

ಹಾಗಿದ್ದರೂ ಕಟ್ಟಿಸಿ ಎಂದೇ ಹೇಳುತ್ತೇನೆ, ಆದರೆ ನೀವು ಅಂದುಕೊಂಡ ಕೆಲಸಕ್ಕಲ್ಲ. ಮೊಣಕಾಲು ಮಟ್ಟ ಧರೆ ಕುಸಿದು ಬಿದ್ದ ದಿನ ಎಟಿವಿಯನ್ನು ಕೊಟ್ಟಿಗೆಯಿಂದ ಹೊರಗೆ ತೆಗೆಯಲೇ ಬೇಡಿ, ಅದು ಜೆಸಿಬಿಯ ಕೆಲಸ. ಎಟಿವಿಯ ಹಲಗೆಗೆ ಸಲ್ಲುವುದು ಎರಡು ಮೂರು ಇಂಚು ದಪ್ಪದ ಹರಿಗೆಸರು, ಕೊಚ್ಚಿಕೊಂಡು ಬಂದ ಜಲ್ಲಿ, ಚರಂಡಿ ಕಟ್ಟುವ ತರಗೆಲೆ. ಸಣ್ಣ ಕೆಲಸವೆಂದು ತಳ್ಳಿಹಾಕಬೇಡಿ. ಆ ಎರಡು ಇಂಚನ್ನು ನಾಲ್ಕು ದಿನ ಬಿಟ್ಟರೆ ಕಾರಿನ ಚಕ್ರ ಅದನ್ನು ಕಲಸಿ ಗಾಲಿಜಾಡು ಮಾಡುತ್ತದೆ, ಜಾಡಿನಲ್ಲಿ ನೀರು ಹರಿಯುತ್ತದೆ, ನೀರು ಹರಿದಲ್ಲಿ ದಾರಿಯೇ ಕಾಲುವೆಯಾಗುತ್ತದೆ.

ಸಮಯದ ವಿಷಯದಲ್ಲಿ ಹಿಮಕ್ಕೂ ಕೆಸರಿಗೂ ಸ್ವಲ್ಪ ಹೋಲಿಕೆಯಿದೆ. ಗದ್ದೆಯಲ್ಲಿ ಹಲಗೆ ಹೊಡೆದು ಗೊತ್ತಿರುವವರಿಗೆ ಇದನ್ನು ವಿವರಿಸಬೇಕಿಲ್ಲ: ನೀರು ನಿಂತ ಗದ್ದೆಯಲ್ಲಿ ಹಲಗೆ ತೇಲಿದಂತೆ ಸಾಗುತ್ತದೆ, ನೀರು ಬಸಿದ ಮೇಲೆ ಅದೇ ಕೆಸರು ಹಲಗೆಯನ್ನು ಹಿಡಿದು ಎಳೆಯುತ್ತದೆ. ನಿಮ್ಮ ದಾರಿಯ ಜೇಡಿಯೂ ಹಾಗೆಯೇ. ಮಳೆ ಹೊಳವಾದ ಅರ್ಧ ಗಂಟೆಯೊಳಗೆ ಅದು ಗಂಜಿಯ ಹದದಲ್ಲಿರುತ್ತದೆ, ಓರೆ ಹಲಗೆಯ ಮುಂದೆ ಬದಿಗೆ ಹರಿದು ಹೋಗುತ್ತದೆ. ಒಂದು ಹಗಲು ಬಿಸಿಲು ಕಂಡರೆ ರೊಟ್ಟಿ ಹಿಟ್ಟಿನಂತೆ ಹಲಗೆಗೆ ಮೆತ್ತಿಕೊಳ್ಳುತ್ತದೆ; ಮೂರು ಮಾರು ಹೋಗಿ ಇಳಿದು ಗುದ್ದಲಿಯಲ್ಲಿ ಕೆರೆಯಬೇಕು. ಅಂಥ ದಿನ ಬಿಟ್ಟುಬಿಡಿ, ಮುಂದಿನ ಹೊಳವಿಗೆ ಕಾಯಿರಿ. ನಮ್ಮಲ್ಲಿ ಅದಕ್ಕೆ ಬಹಳ ಕಾಯಬೇಕಾಗಿಯೂ ಇಲ್ಲ.

ಹೋಲಿಕೆ ಅಲ್ಲಿಗೆ ಮುಗಿಯುತ್ತದೆ. ಮಿನೆಸೋಟಾದ ದೊಡ್ಡ ನಗರ ಮಿನಿಯಾಪೊಲಿಸ್‌ನಲ್ಲಿ ಒಂದು ಚಳಿಗಾಲಕ್ಕೆ ಸರಾಸರಿ 130 ಸೆಂಟಿಮೀಟರಿನಷ್ಟು ಹಿಮ ಬೀಳುತ್ತದೆ. ಹತ್ತು ಪಾಲು ಹಿಮ ಕರಗಿದರೆ ಸುಮಾರು ಒಂದು ಪಾಲು ನೀರು. ಅಂದರೆ ಇಡೀ ಚಳಿಗಾಲದ ಹಿಮ ಸೇರಿ 130 ಮಿಲಿಮೀಟರಿನಷ್ಟು ನೀರು. ಆಗುಂಬೆಯಲ್ಲಿ ಜುಲೈ ತಿಂಗಳ ಒಂದು ಜೋರು ದಿನ ಸುರಿಯುವಷ್ಟು. ಆಗುಂಬೆಯ ವಾರ್ಷಿಕ ಸರಾಸರಿ 7,000 ಮಿಲಿಮೀಟರ್ ದಾಟುತ್ತದೆ, ನಿಮ್ಮ ತಾಲ್ಲೂಕಿನ ಹುಲಿಕಲ್ಲೂ ಅದಕ್ಕೆ ಸರಿಸಾಟಿ. ಅವರ ನೀರು ಬಿದ್ದಲ್ಲೇ ಬಿದ್ದಿರುತ್ತದೆ, ನೂಕಿದಲ್ಲಿ ಕೂರುತ್ತದೆ. ನಮ್ಮದು ನಿಲ್ಲುವ ಜಾತಿಯಲ್ಲ. ನೀವು ಇಂದು ಮಣ್ಣು ತೆಗೆದು ಚರಂಡಿ ಹಾಗೇ ಬಿಟ್ಟರೆ ನಾಳೆ ಅಷ್ಟೇ ಮಣ್ಣನ್ನು ಅದು ಮತ್ತೆ ತಂದು ಹಾಕುತ್ತದೆ. ಹಲಗೆಗೆ ಹಾಕುವ ದುಡ್ಡಿನ ಮೊದಲ ಪಾಲು ಚರಂಡಿಗೆ ಹೋಗಲಿ: ಧರೆಯ ಬುಡದಿಂದ ಸ್ವಲ್ಪ ಈಚೆಗೆ ಉದ್ದಕ್ಕೂ ಚರಂಡಿ, 300 ಮೀಟರಿನಲ್ಲಿ ಕನಿಷ್ಠ ನಾಲ್ಕೈದು ಕಡೆ ದಾರಿಗೆ ಅಡ್ಡಲಾಗಿ ಮೋರಿ ಅಥವಾ ಕಲ್ಲು ಹಾಸಿದ ತಗ್ಗು, ಧರೆಯ ತಲೆಯ ಮೇಲೆ ಬೆಟ್ಟದ ನೀರನ್ನು ಬೇರೆ ಕಡೆಗೆ ತಿರುಗಿಸುವ ಅಗಳು. ಅಗಳಿನ ನೀರು ನಿಂತು ಇಂಗಬಾರದು, ಹರಿದು ಹೋಗಬೇಕು. ಇಂಗಿದರೆ ಧರೆಗೆ ನೀವೇ ನೀರು ಕುಡಿಸಿದಂತೆ.

ಹಲಗೆ ಓಡಿಸುವಾಗ ನಮ್ಮವರು ಮಾಡುವ ದೊಡ್ಡ ತಪ್ಪು ಧರೆಯ ಬುಡ ಕೆರೆಯುವುದು. ಮಣ್ಣು ಅಲ್ಲಿಂದ ಬಂದಿದೆ, ಅಲ್ಲಿ ಚೊಕ್ಕಟ ಮಾಡೋಣ ಎನಿಸುವುದು ಸಹಜ. ಆದರೆ ಜಾರಿ ಬಂದು ಬುಡದಲ್ಲಿ ಕೂತ ಮಣ್ಣು ಮೇಲಿನದಕ್ಕೆ ಒತ್ತುಗಲ್ಲಿನ ಹಾಗೆ ಆಸರೆ ಕೊಟ್ಟಿರುತ್ತದೆ. ಅದನ್ನು ಕಿತ್ತರೆ ಮೇಲಿನದು ಇಳಿಯುತ್ತದೆ. ಇಳಿಯುವ ಹೊತ್ತಿಗೆ ಅದರ ಕೆಳಗೆ ಇರುವವರು ನೀವು. ಬುಡದಿಂದ ಎರಡು ಅಡಿ ಬಿಟ್ಟೇ ಹಲಗೆ ಹೋಗಲಿ, ಉಳಿದದ್ದು ಬೇಸಿಗೆಗೆ ಇರಲಿ. ಧರೆಯ ಮೇಲ್ಗಡೆ ನೆಲ ಬಿರುಕು ಬಿಟ್ಟಿದ್ದರೆ, ನೆಟ್ಟಗಿದ್ದ ಮರ ದಾರಿಯ ಕಡೆ ವಾಲಿದ್ದರೆ, ಎಂದೂ ಇಲ್ಲದ ಕಡೆ ಕದಡಿದ ಒರತೆ ಹೊರಟಿದ್ದರೆ ಗಾಡಿಯನ್ನೂ ಜನರನ್ನೂ ಆ ಕಡೆ ಬಿಡಬೇಡಿ. ಅತಿಥಿಗಳ ಕಾರನ್ನು ಡಾಂಬರು ರಸ್ತೆಯಲ್ಲೇ ನಿಲ್ಲಿಸಲು ಹೇಳಿ, ಪಂಚಾಯಿತಿಗೂ ತಾಲ್ಲೂಕು ಕಚೇರಿಗೂ ತಿಳಿಸಿ. ಮಣ್ಣಿನ ಜೊತೆ ವಿದ್ಯುತ್ ಕಂಬವೋ ತಂತಿಯೋ ಬಂದಿದ್ದರೆ ಹಲಗೆಯಿಂದ ಮುಟ್ಟುವ ಮಾತೇ ಇಲ್ಲ. ಉಕ್ಕಿನ ಹಲಗೆ, ಒದ್ದೆ ನೆಲ. 1912ಕ್ಕೆ ಕರೆ ಮಾಡಿ, ಮೆಸ್ಕಾಂನವರು ಲೈನ್ ತೆಗೆದದ್ದು ಖಚಿತವಾಗುವವರೆಗೆ ದೂರವಿರಿ.

ಇನ್ನು ನೂಕಿದ ಮಣ್ಣನ್ನು ಎಲ್ಲಿ ಹಾಕುತ್ತೀರಿ? ಇಳಿಜಾರಿನ ಕಡೆಯ ಅಂಚಿಗೆ ಎನ್ನುತ್ತೀರಿ, ಎಲ್ಲರೂ ಹಾಗೇ ಮಾಡುತ್ತಾರೆ. ಎರಡು ಸಲ ಆದ ಮೇಲೆ ಅಲ್ಲೊಂದು ಬದು ಏಳುತ್ತದೆ, ದಾರಿಯ ನೀರು ಹೊರಗೆ ಹೋಗದೆ ದಾರಿಯಲ್ಲೇ ಓಡುತ್ತದೆ. ಒಂಟಾರಿಯೊದಲ್ಲಿ ಅಂಚಿನ ರಾಶಿ ದಾರಿಯನ್ನು ಕಿರಿದು ಮಾಡಿದರೆ ಇಲ್ಲಿ ಅದೇ ರಾಶಿ ದಾರಿಯನ್ನು ಹಳ್ಳ ಮಾಡುತ್ತದೆ. ಹತ್ತು ಹನ್ನೆರಡು ಮೀಟರಿಗೊಂದು ಕಂಡಿ ಬಿಟ್ಟುಕೊಂಡು ರಾಶಿ ಹಾಕಿ. ಅದಕ್ಕಿಂತ ಒಳ್ಳೆಯದು, ದಾರಿ ಅಗಲವಾಗಿರುವ ಒಂದೆರಡು ಸಮತಟ್ಟು ಜಾಗಗಳನ್ನು ಮೊದಲೇ ಗೊತ್ತುಮಾಡಿಕೊಂಡು ಅಲ್ಲಿಗೇ ಒಯ್ಯುವುದು. ಕೆಳಗಿನವರ ತೋಟದ ಬಸಿಗಾಲುವೆಗೆ ಬೀಳುವ ಹಾಗಂತೂ ಬೇಡ. ಬಸಿಗಾಲುವೆ ಕಟ್ಟಿ ಅಡಿಕೆ ಬುಡದಲ್ಲಿ ನೀರು ನಿಂತರೆ ಮುಂದಿನ ಮಾತುಕತೆ ಪಂಚಾಯಿತಿ ಕಟ್ಟೆಯಲ್ಲಿ.

ಹಲಗೆಯ ವಿಷಯಕ್ಕೆ ಬಂದರೆ, ನನ್ನದೇ ಪೆಟ್ಟಿನಿಂದ ಹೇಳುತ್ತೇನೆ. ಕೆನಡಾದಿಂದ ಬಂದ ಹುರುಪಿನಲ್ಲಿ ತೀರ್ಥಹಳ್ಳಿ ಕಡೆಯ ಗೆಳೆಯರೊಬ್ಬರ ಎಟಿವಿಗೆ ನಾನೇ ಹಲಗೆ ಮಾಡಿದೆ. ಆರು ಮಿಲಿಮೀಟರ್ ತಗಡು, ಐದು ಅಡಿ ಅಗಲ, ಹಿಂದೆ ಪಟ್ಟಿಗಳು. ಹೊರಲು ಇಬ್ಬರು ಬೇಕಿತ್ತು. ಸುಲಭವೆಂದು ಮುಂದಿನ ಬಂಪರಿನ ಕೊಳವೆಗೇ ವೆಲ್ಡ್ ಮಾಡಿ ತೂಗುಹಾಕಿದೆ. ಮೂರನೆಯ ದಿನ ಕೆಸರಿನೊಳಗೆ ಅಡಗಿದ್ದ ಜಂಬಿಟ್ಟಿಗೆ ಕಲ್ಲಿಗೆ ಹಲಗೆಯ ಎಡ ಮೂಲೆ ತಾಗಿತು. ಗಾಡಿ ನಿಂತಿತು, ಗೆಳೆಯರು ನಿಲ್ಲಲಿಲ್ಲ. ಹ್ಯಾಂಡಲ್ಲಿಗೆ ಎದೆ ಬಡಿದುಕೊಂಡು ಮಂಡಿಯೂರಿದರು. ಇಳಿದು ನೋಡಿದರೆ ಬಂಪರ್ ಅಲ್ಲ, ಅದರ ಹಿಂದಿನ ಚಾಸಿಯೇ ಎಡಕ್ಕೆ ಬಾಗಿತ್ತು. ಅದರ ರಿಪೇರಿಗೆ ನಾನು ದುಡ್ಡು ತೆಗೆದುಕೊಳ್ಳಲಿಲ್ಲ, ಅವರು ಕೊಡುತ್ತೇನೆಂದೂ ಹೇಳಲಿಲ್ಲ.

ಹಿಮದ ಹಲಗೆಗಳನ್ನು ಆ ದೇಶದವರು ಸುಮ್ಮನೆ ಆ ರೀತಿ ಮಾಡಿಲ್ಲ. ನೂಕುವ ತೋಳುಗಳು ಬಂಪರಿಗೆ ಅಂಟಿಕೊಂಡಿರುವುದಿಲ್ಲ, ಗಾಡಿಯ ಹೊಟ್ಟೆಯ ಕೆಳಗೆ ಹಾದು ಚಾಸಿಯ ನಡುಭಾಗಕ್ಕೆ ಸೇರಿರುತ್ತವೆ. ಹಾಗಿದ್ದರೆ ಒತ್ತಡ ಚಾಸಿಯ ಉದ್ದಕ್ಕೆ ನೇರವಾಗಿ ಬೀಳುತ್ತದೆ, ಮುಂದಿನ ಸಸ್ಪೆನ್ಶನ್ ಕುಗ್ಗುವುದಿಲ್ಲ. ಹಲಗೆ ಗಟ್ಟಿ ವಸ್ತುವಿಗೆ ತಾಗಿದಾಗ ಮುಂದಕ್ಕೆ ಮಗುಚಿ ಅದರ ಮೇಲೆ ದಾಟಿ ಮತ್ತೆ ನೆಟ್ಟಗಾಗಲು ಹಿಂದೆ ಸ್ಪ್ರಿಂಗುಗಳಿರುತ್ತವೆ. ನಾನು ಬಿಟ್ಟದ್ದು ಇವೆರಡನ್ನೇ. ಸ್ಪ್ರಿಂಗ್ ಹಿಮಕ್ಕೆ ಹೊಂದಿಸಿದಷ್ಟು ಸಡಿಲವಿದ್ದರೆ ನಮ್ಮ ಕೆಸರಿನ ಭಾರಕ್ಕೇ ಹಲಗೆ ಮಗುಚುತ್ತಿರುತ್ತದೆ. ಬಿಗಿ ಮಾಡಿ, ಆದರೆ ಪೂರ್ತಿ ಕಟ್ಟಿಹಾಕಬೇಡಿ. ಅಗಲ ಐದು ಅಡಿಗಿಂತ ಕಡಿಮೆ ಸಾಕು. ಓರೆ ಮಾಡಿದಾಗಲೂ ಚಕ್ರಗಳ ಜಾಡಿಗಿಂತ ಒಂದೆರಡು ಇಂಚು ಹೊರಗಿರಬೇಕು, ಅಷ್ಟೇ. ತಗಡು ನಾಲ್ಕು ಮಿಲಿಮೀಟರ್ ಇರಲಿ, ಕೆಳ ಅಂಚಿಗೆ ಸವೆದಾಗ ಬಿಚ್ಚಿ ಬದಲಿಸುವಂಥ ಪಟ್ಟಿ ಬೋಲ್ಟ್ ಮಾಡಿಸಿ. ಹಲಗೆಯ ಎರಡೂ ತುದಿಗೆ ತಟ್ಟೆಯಾಕಾರದ ಪಾದಗಳನ್ನು ಹಾಕಿಸಿ, ಅಂಚು ನೆಲದಿಂದ ಮುಕ್ಕಾಲು ಇಂಚು ಮೇಲಿರುವಂತೆ ನಿಲ್ಲಿಸಿ. ಜಲ್ಲಿ ದಾರಿಯಿರುವ ಮನೆಗಳಲ್ಲಿ ಅಲ್ಲಿಯೂ ಹೀಗೇ ಮಾಡುತ್ತಾರೆ, ಇಲ್ಲದಿದ್ದರೆ ಹಿಮದ ಜೊತೆ ದಾರಿಯೂ ಹೋಗುತ್ತದೆ. ನೀವು ಕಾಸು ಕೊಟ್ಟು ಹಾಸಿದ ಜಂಬಿಟ್ಟಿಗೆ ಗರಸನ್ನು ನೀವೇ ಇಳಿಜಾರಿಗೆ ನೂಕಿದರೆ ಏನು ಬಂತು?

ಎತ್ತಲು ಇಳಿಸಲು ವಿಂಚ್ (ಬ್ಯಾಟರಿಯಿಂದ ತಿರುಗಿ ಹಗ್ಗ ಸುತ್ತುವ ರಾಟೆ) ಬಳಸುವುದಾದರೆ ಉಕ್ಕಿನ ತಂತಿ ಬೇಡ. ಅದೇ ಒಂದಡಿ ತಂತಿ ದಿನಕ್ಕೆ ನೂರು ಸಲ ಸುತ್ತಿ ಬಿಚ್ಚಿ ಎಳೆ ಎಳೆಯಾಗುತ್ತದೆ, ಬರಿಗೈಗೆ ಚುಚ್ಚುತ್ತದೆ. ವಿಂಚಿಗೆಂದೇ ಬರುವ ನಾರಿನ ಹಗ್ಗ ಅಥವಾ ಗಟ್ಟಿ ಪಟ್ಟಿ ಹಾಕಿಸಿ. ಇಂಜಿನ್ ನಿಧಾನಕ್ಕೆ ಓಡುವಾಗ ವಿಂಚ್ ಪದೇ ಪದೇ ಎಳೆದರೆ ಬ್ಯಾಟರಿ ಸಾಯುತ್ತದೆ ಎಂಬುದು ನೆನಪಿರಲಿ. ಎಟಿವಿಯ ರೇಡಿಯೇಟರ್ ಮುಂಭಾಗದಲ್ಲೇ ಇರುವುದರಿಂದ ಹಲಗೆ ಗಾಳಿಯನ್ನು ತಡೆಯುತ್ತದೆ, ಕೆಸರು ಸೀಳುಗಳನ್ನು ಮುಚ್ಚುತ್ತದೆ. ಕೆಲಸ ಮುಗಿದ ದಿನವೇ ಹಿಂದಿನಿಂದ ಮುಂದಕ್ಕೆ ಸಾದಾ ಪೈಪಿನ ನೀರಿನಲ್ಲಿ ತೊಳೆಯಿರಿ. ಜೋರು ಒತ್ತಡದ ವಾಷರ್ ಹಿಡಿದರೆ ರೇಡಿಯೇಟರಿನ ತೆಳು ರೆಕ್ಕೆಗಳು ಮಡಚಿಕೊಳ್ಳುತ್ತವೆ, ಬೇರಿಂಗಿನೊಳಗೆ ನೀರು ನುಗ್ಗುತ್ತದೆ. ಟೈರಿನ ಸರಪಳಿ ನಮ್ಮಲ್ಲಿ ಬೇಡ. ಹಿಡಿತ ಕೊಡುವುದು ನಿಜ, ಆದರೆ ನೆಂದ ದಾರಿಯನ್ನು ಉತ್ತು ಹಾಕುತ್ತದೆ.

ಓಡಿಸುವ ಕ್ರಮ ಸುಲಭ. ಮೇಲಿನಿಂದ ಕೆಳಕ್ಕೆ ನೂಕುತ್ತಾ ಬನ್ನಿ, ಹಲಗೆ ಎತ್ತಿಕೊಂಡು ಮೇಲಕ್ಕೆ ಹೋಗಿ. ಲೋ ಗೇರ್, ನಾಲ್ಕೂ ಚಕ್ರದ ಡ್ರೈವ್, ನಡೆಯುವ ವೇಗ. ಸಿಕ್ಕಿಕೊಂಡಿತೆಂದು ಹಿಂದೆ ಬಂದು ಓಡಿಬಂದು ಗುದ್ದಬೇಡಿ. ಇಳಿದು ಗುದ್ದಲಿಯಿಂದ ನಾಲ್ಕು ಏಟು ಹಾಕಿ, ಅದರಲ್ಲೇನೂ ಅವಮಾನವಿಲ್ಲ. ತಲೆಗೆ ಹೆಲ್ಮೆಟ್ ಇರಲಿ. ಭಾರಕ್ಕೆಂದು ಹಿಂದಿನ ಕ್ಯಾರಿಯರ್ ಮೇಲೆ ಹುಡುಗರನ್ನು ಕೂರಿಸಬೇಡಿ. ಗದ್ದೆಯ ಹಲಗೆಯ ಮೇಲೆ ಮಕ್ಕಳನ್ನು ನಿಲ್ಲಿಸುತ್ತಿದ್ದ ನೆನಪು ಚೆನ್ನಾಗಿರುತ್ತದೆ, ಆದರೆ ಅಲ್ಲಿ ಬಿದ್ದರೆ ಮೈ ಕೆಸರಾಗುತ್ತಿತ್ತು, ಇಲ್ಲಿ ಗಾಡಿಯೇ ಮೇಲೆ ಬೀಳುತ್ತದೆ. ಹೋಂಸ್ಟೇಯ ಅತಿಥಿಗಳು ನಾವೊಮ್ಮೆ ಓಡಿಸುತ್ತೇವೆ ಎಂದು ಕೇಳಿಯೇ ಕೇಳುತ್ತಾರೆ. ಹಲಗೆ ಕಟ್ಟಿದ ದಿನ ಬೀಗದ ಕೈ ನಿಮ್ಮ ಜೇಬಿನಲ್ಲಿರಲಿ.

ಇಷ್ಟೆಲ್ಲ ಮಾಡುವ ಬದಲು ಬೇರೆ ದಾರಿಯಿಲ್ಲವೇ ಎಂದರೆ, ಇದೆ. ಎಟಿವಿ ಈಗಾಗಲೇ ಮನೆಯಲ್ಲಿರುವುದರಿಂದ ಇಷ್ಟು ಬರೆದೆ. ಹೊಸದಾಗಿ ದುಡ್ಡು ಹಾಕುವವರಿಗೆ ನಾನು ಹೇಳುವುದು 20 ಅಶ್ವಶಕ್ತಿಯ ಆಸುಪಾಸಿನ, ನಾಲ್ಕೂ ಚಕ್ರ ಎಳೆಯುವ ಮಿನಿ ಟ್ರ್ಯಾಕ್ಟರ್, ಹಿಂದೆ ಹೈಡ್ರಾಲಿಕ್ಕಿಗೆ ಜೋಡಿಸುವ ಹಲಗೆ. ತೂಕ ಎಟಿವಿಯ ಎರಡರಷ್ಟಾದರೂ ಇರುತ್ತದೆ, ಎತ್ತಲು ವಿಂಚಿನ ತಾಪತ್ರಯವಿಲ್ಲ, ಉಳಿದ ಹತ್ತು ತಿಂಗಳು ಗೊಬ್ಬರ ಹೊರುತ್ತದೆ, ಔಷಧಿ ಹೊಡೆಯುವ ಪಂಪನ್ನೂ ತಿರುಗಿಸುತ್ತದೆ. ಸಮತಟ್ಟಿನಲ್ಲಿ ಪವರ್ ಟಿಲ್ಲರಿಗೆ ಹಲಗೆ ಕಟ್ಟಿಯೂ ಕೆಲಸ ತೆಗೆದವರಿದ್ದಾರೆ. ನಿಮ್ಮ ಹಾಗೆ ಒಂದು ಬದಿ ಇಳಿಜಾರು ಇರುವಲ್ಲಿ ನಾನು ಅದನ್ನು ಹೇಳುವುದಿಲ್ಲ. ಟಿಲ್ಲರ್ ಜಾರಿದರೆ ಹಿಡಿದವರನ್ನೂ ಎಳೆದುಕೊಂಡು ಹೋಗುತ್ತದೆ.

ಒಂದು ವಿಷಯವನ್ನು ಮಾತ್ರ ಹಿಮದವರಿಂದ ಹಾಗೆಯೇ ಎತ್ತಿಕೊಳ್ಳಿ. ಚಳಿಗಾಲಕ್ಕೆ ಮುಂಚೆ ಅವರು ದಾರಿಯ ಎರಡೂ ಅಂಚಿಗೆ ಬಣ್ಣದ ಪಟ್ಟಿ ಸುತ್ತಿದ ಕಡ್ಡಿಗಳನ್ನು ನೆಡುತ್ತಾರೆ, ಎಲ್ಲವೂ ಬೆಳ್ಳಗಾದ ಮೇಲೆ ದಾರಿ ಎಲ್ಲಿ ಮುಗಿಯುತ್ತದೆಂದು ತಿಳಿಯಲು. ನಿಮ್ಮ ದಾರಿ ಜುಲೈನಲ್ಲಿ ಎಲ್ಲವೂ ಕೆಂಪಗಿರುತ್ತದೆ, ಸಾಲದ್ದಕ್ಕೆ ಮಂಜು. ಮೇ ತಿಂಗಳು ಮುಗಿಯುವ ಮೊದಲು ಇಳಿಜಾರಿನ ಕಡೆ ನಾಲ್ಕೈದು ಮೀಟರಿಗೊಂದರಂತೆ ಬಿದಿರಿನ ಗೂಟ ಹೊಡೆಯಿರಿ, ಎದೆಮಟ್ಟಕ್ಕೆ, ತುದಿಗೆ ಸುಣ್ಣವೋ ಬಿಳಿ ಬಣ್ಣವೋ ಬಳಿದು. ಅಂಚಿನಲ್ಲೇ ಹೊಡೆಯಬೇಡಿ, ಅಂಚಿನಿಂದ ಎರಡು ಅಡಿ ಒಳಗೆ ಹೊಡೆಯಿರಿ. ಮಳೆ ನೆಂದ ಅಂಚಿನ ಮಣ್ಣು ನೋಡಲು ದಾರಿಯಂತೆಯೇ ಇರುತ್ತದೆ, ಚಕ್ರ ಇಟ್ಟ ಮೇಲೆ ಇರುವುದಿಲ್ಲ.